ಪದಚರ್ಚೆ: ಬೇಸ್ ಸ್ಪೀಕರ್ ವಿಷಯದಲ್ಲಿ ‘ದಪ್ಪ ಸದ್ದು’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಬೇಸ್ ಗಿಟಾರ್ ಕಲಿಯುವ ಹುಡುಗರಿಗಾಗಿ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಬೇರೆ ಬೇರೆ ಅಳತೆಯ ಸ್ಪೀಕರ್ ಬಾಕ್ಸ್‌ಗಳನ್ನು ಒಂದೇ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಜೋಡಿಸುವ ಭಾಗದಲ್ಲಿ ‘ದಪ್ಪ’ ಎಂಬ ಪದ ತೊಡಕಾಗಿದೆ. ನಾವು ಗಾತ್ರಕ್ಕೂ ದಪ್ಪ ಅಂತೀವಿ, ದನಿಗೂ ದಪ್ಪ ಅಂತೀವಿ. ಹಾಗಾಗಿ ‘ದಪ್ಪ ಸ್ಪೀಕರ್‌ನಿಂದ ದಪ್ಪ ಸದ್ದು’ ಎಂದರೆ ಯಾರೂ ಎರಡನೇ ಮಾತಾಡದೆ ಒಪ್ಪಿಬಿಡುತ್ತಾರೆ.

ಆದರೆ ನಿಜ ಹಾಗಿಲ್ಲ. 10 ಇಂಚಿನ ನಾಲ್ಕು ಸ್ಪೀಕರ್ ಇರುವ ಬಾಕ್ಸ್ ಮೇಲೆ, 15 ಇಂಚಿನ ಒಂದೇ ಸ್ಪೀಕರ್ ಇರುವ ಬಾಕ್ಸ್ ಕೆಳಗೆ ಇಡುವುದು ರೂಢಿ. ಕೆಳಗಿನ ಸ್ವರಗಳನ್ನೂ ಮೇಲಿನ ಸ್ವರಗಳನ್ನೂ ಬೇರೆ ಮಾಡಿ ಕಳಿಸುವ ಕ್ರಾಸೋವರ್ ಹಾಕದಿದ್ದರೆ ಎರಡಕ್ಕೂ ಹೋಗುವುದು ಅದೇ ಪೂರ್ತಿ ಸಿಗ್ನಲ್. ಎರಡೂ 8 ಓಮ್‌ನವು, ಆಂಪ್ ಒಟ್ಟು 400 ವ್ಯಾಟ್ ಕೊಡುತ್ತಿದೆ ಅಂದುಕೊಳ್ಳಿ. ಬಾಕ್ಸ್‌ಗೆ ತಲಾ 200. ಮೇಲೆ ಅದು ನಾಲ್ಕು ಪಾಲಾಗಿ ಒಂದೊಂದಕ್ಕೆ 50 ಬೀಳುತ್ತದೆ. ಕೆಳಗಿನ ಒಂಟಿ ಸ್ಪೀಕರ್ ಅಷ್ಟೂ 200 ಹೊರಬೇಕು. ವಾಲ್ಯೂಮ್ ಏರಿಸುತ್ತಾ ಹೋದರೆ ಸಾಮಾನ್ಯವಾಗಿ ಮೊದಲು ಒದ್ದಾಡುವುದು ಅದೇ. ಸಾಲದ್ದಕ್ಕೆ, ಕೆಲವು ಸ್ವರಗಳಲ್ಲಿ ಎರಡು ಬಾಕ್ಸ್‌ಗಳ ಅಲೆಗಳು ಹೊಂದದೆ ಒಂದರ ಸದ್ದನ್ನು ಇನ್ನೊಂದು ತಿಂದುಹಾಕುತ್ತದೆ. ಸ್ವರ ಎಷ್ಟು ಕೆಳಗಿನವರೆಗೂ ಚೆನ್ನಾಗಿ ಕೇಳುತ್ತದೆ ಎಂಬುದಕ್ಕೆ ಸ್ಪೀಕರ್ ಅಗಲ ಒಂದೇ ಸಾಲದು, ಬಾಕ್ಸ್ ಕಟ್ಟಿರುವ ಬಗೆಯೂ ಲೆಕ್ಕಕ್ಕೆ ಬರುತ್ತದೆ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಎಂಬ ಬೇಸ್ ಆಂಪ್ ಜೊತೆಯ ಬಾಕ್ಸ್‌ನಲ್ಲಿ ಇದ್ದದ್ದು ಎಂಟೂ 10 ಇಂಚಿನವೇ. ಅದರ ಸದ್ದನ್ನು ಯಾರಾದರೂ ತೆಳು ಅಂತಾರಾ?

ಹಾಗಾದರೆ ‘ಮಂದ್ರ’ ಅನ್ನೋಣವೇ? ಅದು ಹಾಡುವವರ ಷಡ್ಜಕ್ಕೆ (ಅವರ ‘ಸ’ ಸ್ವರಕ್ಕೆ) ಅಂಟಿಕೊಂಡ, ಅದರ ಕೆಳಗಿನ ಸ್ಥಾಯಿಗೆ ಹೇಳುವ ಮಾತು. 5 ಮನೆ ಶ್ರುತಿಯ (ಪಾಶ್ಚಾತ್ಯ ಲೆಕ್ಕದಲ್ಲಿ ಜಿ) ಗಾಯಕಿಗೆ ಮಂದ್ರ ಷಡ್ಜ ಸುಮಾರು 98 ಹರ್ಟ್ಸ್. ಬೇಸ್ ಗಿಟಾರಿನ ಇ ತಂತಿ 41 ಹರ್ಟ್ಸ್‌ನದು, ಅಂದರೆ ಅದಕ್ಕಿಂತ ಒಂದು ಸ್ಥಾಯಿಗೂ ಜಾಸ್ತಿ ಕೆಳಗೆ.

‘ತಗ್ಗು ಸ್ವರ’ ನನಗೆ ಹಿಡಿಸಿದೆ, ಗಾತ್ರದ ಸೋಂಕಿಲ್ಲ. ಆದರೆ ‘ದನಿ ತಗ್ಗಿಸು’ ಅಂದರೆ ಮೆಲ್ಲಗೆ ಮಾತಾಡು ಎಂದಲ್ವಾ? ಓದುವ ಹುಡುಗ ವಾಲ್ಯೂಮ್ ಇಳಿಸಿಬಿಟ್ಟಾನು. ‘ಕೆಳಸ್ವರ’ ಅಂದರೆ ಹೇಗೆ? ಮೈಕ್ ಸೆಟ್ ಕೆಲಸ ಮಾಡುವವರು, ಮೃದಂಗ ನುಡಿಸುವವರು ಈ ಗುಂಪಿನಲ್ಲಿದ್ದರೆ ದಯವಿಟ್ಟು ತಿಳಿಸಿ. ಮೃದಂಗದ ಎಡಬದಿಯಾದ ತೊಪ್ಪಿಯಿಂದ ಬರುವ ನಾದಕ್ಕೆ ನಿಮ್ಮ ಕಡೆ ಏನಂತೀರಿ?