ಕರುಳಿನ ಕ್ಯಾನ್ಸರ್ ಆಪರೇಷನ್ ಆದ ಮಾವನಿಗೆ ಬಾಳೆದಿಂಡು ಕೊಡಬಹುದಾ?

ಪೆರ್ಲದ ಸೊಸೆ:
ನಮ್ಮ ಮಾವನಿಗೆ 68 ವರ್ಷ. ಮಳೆಗಾಲದಲ್ಲಿ ಮಂಗಳೂರಿನಲ್ಲಿ ದೊಡ್ಡ ಕರುಳಿನ ಆಪರೇಷನ್ ಆಯಿತು. ಕೀಮೋ ಮುಗಿದು ಎರಡು ವಾರ. ಆಪರೇಷನ್ ಆದಾಗ ನಾರು ಜಾಸ್ತಿ ಬೇಡ ಅಂದಿದ್ದರು. ಅವತ್ತಿನಿಂದ ಬಿಳಿ ಅನ್ನ, ತಿಳಿಸಾರು, ಬ್ರೆಡ್ ಅಷ್ಟೇ. ನೋಡಲು ಬಂದವರೊಬ್ಬರು ಪ್ರೋಬಯಾಟಿಕ್ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. ಒಳ್ಳೆಯ ಬ್ಯಾಕ್ಟೀರಿಯಾ ಕ್ಯಾನ್ಸರ್ ಮತ್ತೆ ಬರದ ಹಾಗೆ ತಡೆಯುತ್ತದಂತೆ. ಮಾವ ಮಾತ್ರ ನಿನ್ನೆ ಅಡುಗೆಮನೆ ಬಾಗಿಲಿಗೆ ಬಂದು, "ಕೂಸೇ, ಒಂದು ದಿನ ದಿಂಡಿನ ಪಲ್ಯ ಮಾಡ್ತೀಯಾ?" ಎಂದು ಕೇಳಿದರು. ತೋಟದಲ್ಲಿ ಬೇಕಾದಷ್ಟಿದೆ. ಮಾಡಲಾ? ಕ್ಯಾಪ್ಸೂಲ್ ಕೊಡಲಾ?

ನೀರ್ಚಾಲಿನವಳು:
ಅಕ್ಕಾ, ನನ್ನ ಅಪ್ಪನಿಗೂ ಇದೇ ಕಾಯಿಲೆ ಬಂದಿತ್ತು. ಕ್ಯಾಪ್ಸೂಲ್ ಡಾಕ್ಟರನ್ನು ಕೇಳದೆ ಕೊಡಲೇಬೇಡಿ. ಕೀಮೋ ಆದವರಲ್ಲಿ ಬಿಳಿ ರಕ್ತಕಣ ಕಡಿಮೆ ಇದ್ದರೆ ಅದರೊಳಗಿನ ಜೀವಂತ ಬ್ಯಾಕ್ಟೀರಿಯಾದಿಂದಲೇ ಸೋಂಕು ಆಗಬಹುದು.

ದಿಂಡಿನ ವಿಷಯ ಬೇರೆ. ನಾರು ನಮಗೆ ಜೀರ್ಣ ಆಗುವುದಿಲ್ಲ, ಆದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ಅದನ್ನು ಹುಳಿ ಬರಿಸಿ ಬ್ಯುಟಿರೇಟ್ ಮಾಡುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ ಇದೇ. ನಾರೇ ಸಿಗದಿದ್ದರೆ ಕೆಲವು ಬ್ಯಾಕ್ಟೀರಿಯಾಗಳು ಕರುಳನ್ನು ಕಾಯುವ ಲೋಳೆಯನ್ನೇ ತಿನ್ನುತ್ತವೆ. ಇದನ್ನು ಇಲಿಗಳಲ್ಲಿ ನೋಡಿದ್ದಾರೆ.

2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಓದಿದ ಮೇಲೆ ನಾನು ಅಪ್ಪನ ಊಟ ಬದಲಿಸಿದೆ. ಆಫ್ರಿಕಾ ಮೂಲದ 20 ಅಮೆರಿಕನ್ನರಿಗೆ ದಕ್ಷಿಣ ಆಫ್ರಿಕಾದ ಹಳ್ಳಿಯ ನಾರಿನ ಊಟ ಕೊಟ್ಟರು. ಆ ಹಳ್ಳಿಯ 20 ಜನರಿಗೆ ಮಾಂಸ, ಕೊಬ್ಬು ಜಾಸ್ತಿ ಇರುವ ಅಮೆರಿಕದ ಊಟ. ಎರಡೇ ವಾರ! ಅಮೆರಿಕನ್ನರ ಕರುಳಿನ ಉರಿಯೂತ ಇಳಿಯಿತು, ಬ್ಯುಟಿರೇಟ್ ಏರಿತು. ಹಳ್ಳಿಯವರಲ್ಲಿ ತಿರುಗುಮುರುಗು. ಇದರಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂದಲ್ಲ. ಆದರೆ ಕರುಳು ಇಷ್ಟು ಬೇಗ ಬದಲಾಗುತ್ತದೆ ಅನ್ನುವುದು ನನಗೆ ದೊಡ್ಡ ಧೈರ್ಯ ಕೊಟ್ಟಿತು.

ಡಾಕ್ಟರ್ ಒಪ್ಪಿದರೆ ಎಳೆ ದಿಂಡು ತೆಗೆದುಕೊಳ್ಳಿ. ಬೆರಳಿಗೆ ಸುತ್ತಿ ನೂಲು ಪೂರ್ತಿ ತೆಗೆಯಿರಿ. ಸಣ್ಣಗೆ ಕೊಚ್ಚಿ ಮೆತ್ತಗೆ ಬೇಯಿಸಿ. ಮೊದಲ ದಿನ ಎರಡೇ ಚಮಚ. ಹೊಟ್ಟೆ ಉಬ್ಬರಿಸಿದರೆ ಸ್ವಲ್ಪ ದಿನ ಬಿಡಿ. ಆಮೇಲೆ ಹರಿವೆ, ಅಲಸಂಡೆ, ಕುಚ್ಚಲಕ್ಕಿ ಗಂಜಿ ಒಂದೊಂದಾಗಿ ಬರಲಿ.

ಕುಂಬಳೆಯ ಅಣ್ಣ:
ಮಾವ ಎಲೆ ಅಡಿಕೆ ಹಾಕುತ್ತಾರಾ ತಂಗೀ? ನಮ್ಮದೂ ಅಡಿಕೆ ತೋಟವೇ, ಹೇಳಲು ಕಷ್ಟ. ಆದರೆ ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರ ವರದಿಯಲ್ಲೇ ಹೇಳಿದೆ. ಒಸಡನ್ನೂ ಒಮ್ಮೆ ತೋರಿಸಿ. ಬಾಯಿಯಲ್ಲಿರುವ ಫ್ಯುಸೋಬ್ಯಾಕ್ಟೀರಿಯಂ ಅನ್ನುವ ಬ್ಯಾಕ್ಟೀರಿಯಾ ದೊಡ್ಡ ಕರುಳಿನ ಗಡ್ಡೆಗಳಲ್ಲೂ ಸಿಕ್ಕಿದೆ.

ಪೆರ್ಲದ ಸೊಸೆ:
ಡಾಕ್ಟರಿಗೆ ಫೋನ್ ಮಾಡಿದೆ. ಕ್ಯಾಪ್ಸೂಲ್ ಬೇಡ, ದಿಂಡು ಆಗಬಹುದು ಅಂದರು. ಇವತ್ತು ಎರಡು ಚಮಚ ಬಡಿಸಿದೆ. ಮಾವ ಇನ್ನೊಂದು ಚಮಚ ಕೇಳಿದರು, ನಾಳೆಗೆ ಅಂದೆ. ಎಲೆ ಅಡಿಕೆಯ ಮಾತು ಇನ್ನೂ ತೆಗೆದಿಲ್ಲ ಅಣ್ಣಾ. ನಾನು ಹೇಳಿದರೆ ಕೇಳುವುದಿಲ್ಲ, ಅತ್ತೆಯಿಂದಲೇ ಹೇಳಿಸಬೇಕು.