ಹನ್ನೊಂದು ವರ್ಷ ಗಲ್ಫ್‌ನಲ್ಲಿ ದುಡಿದು ಮರಳಿದವನಿಗೆ ವೃತ್ತಿ ಮಾರ್ಗದರ್ಶಕರಿಂದ ಏನು ಸಹಾಯವಾದೀತು?

ಪ್ರಶ್ನೆ: ಬದಿಯಡ್ಕದ ಓದುಗ (ಕೇರಳದ ಕಾಸರಗೋಡು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ, ಬಳಿಕ ಪ್ಲಸ್ ಟು ಮುಗಿಸಿದ ನಾನು, ಪದವಿಯ ಎರಡನೆಯ ವರ್ಷದಲ್ಲಿ ಓದು ಬಿಟ್ಟು ಶಾರ್ಜಾಕ್ಕೆ ಹೋದೆ. ಅಲ್ಲಿ ಒಂದು ಸಗಟು ವ್ಯಾಪಾರದ ಗೋದಾಮಿನಲ್ಲಿ ಹನ್ನೊಂದು ವರ್ಷ ದುಡಿದೆ. ಕಂಪೆನಿ ಮುಚ್ಚಿದ್ದರಿಂದ ಕಳೆದ ಜೂನ್‌ನಲ್ಲಿ ಊರಿಗೆ ಬಂದಿದ್ದೇನೆ. ವಯಸ್ಸು 33. ಮನೆಯ ಅಡಿಕೆ ತೋಟ ಒಂದು ಎಕರೆಯೂ ಇಲ್ಲ. ಮಲಯಾಳ ಮಾತನಾಡಲು ಬರುತ್ತದೆ, ಓದಲು ತಡವರಿಸುತ್ತೇನೆ. ಮಂಗಳೂರಿನ ಒಂದು ಸಂಸ್ಥೆಯವರು ಕೌನ್ಸೆಲಿಂಗ್ ಎಂದು ಕರೆದು, ನಾನು ಏನು ಕೆಲಸ ಮಾಡುತ್ತಿದ್ದೆ ಎಂದೂ ಕೇಳದೆ, ಅರ್ಧ ಗಂಟೆಯೊಳಗೆ ಡಿಪ್ಲೊಮಾ ಒಂದಕ್ಕೆ ಮುಂಗಡ ಹಣ ಕೇಳಿದರು. ವೃತ್ತಿ ಮಾರ್ಗದರ್ಶನವೆಂದರೆ ಇಷ್ಟೆಯೇ? ನನ್ನ ವಯಸ್ಸಿನವರಿಗೂ ಅದರಿಂದ ಉಪಯೋಗ ಉಂಟೇ?

ಉತ್ತರ 1: ಹೈಯರ್ ಸೆಕೆಂಡರಿ ಶಾಲೆಯೊಂದರ ಕರಿಯರ್ ಗೈಡ್ ಅಧ್ಯಾಪಕ

ನೀವು ಕಂಡದ್ದು ಮಾರ್ಗದರ್ಶನವಲ್ಲ, ಸೀಟು ಮಾರಾಟ. 1908ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬವರು ಇಂಥ ಸಲಹೆಗೆಂದೇ ಒಂದು ಕಚೇರಿ ತೆರೆದಾಗ ಹಾಕಿಕೊಟ್ಟ ಕ್ರಮ ಇಂದಿಗೂ ಬಳಕೆಯಲ್ಲಿದೆ: ಮೊದಲು ವ್ಯಕ್ತಿ ತನ್ನನ್ನು ತಿಳಿಯಬೇಕು, ಆಮೇಲೆ ಕೆಲಸಗಳ ನಿಜಸ್ಥಿತಿಯನ್ನು ತಿಳಿಯಬೇಕು, ಕೊನೆಗೆ ಎರಡನ್ನೂ ತಾಳೆ ನೋಡಬೇಕು. ಕೇಳುವ ಮೊದಲೇ ಹೇಳತೊಡಗಿದವರನ್ನು ನಾನು ಈ ಸಾಲಿಗೆ ಸೇರಿಸಲಾರೆ.

ನನ್ನ ಮುಖ್ಯ ಕೆಲಸ ಪ್ಲಸ್ ಟು ಮಕ್ಕಳೊಂದಿಗೆ. ಆದರೆ ಮಕ್ಕಳ ವಿಷಯ ಮಾತನಾಡಲು ಬಂದ ತಂದೆಯಂದಿರು ಕೆಲವೊಮ್ಮೆ ತಮ್ಮ ವಿಷಯ ತೆಗೆಯುತ್ತಾರೆ. ನಿಮ್ಮಂತೆಯೇ ಮರಳಿ ಬಂದ ಒಬ್ಬರು, "ನನಗೆ ಏನೂ ಗೊತ್ತಿಲ್ಲ ಮಾಷೆ, ಬರೇ ಹೋಟೆಲಿನ ಅಡುಗೆಮನೆಯಲ್ಲಿದ್ದೆ" ಎಂದರು. ಬೆಳಗ್ಗೆ ಬಾಗಿಲು ತೆರೆಯುವುದರಿಂದ ರಾತ್ರಿ ದೀಪ ಆರಿಸುವವರೆಗೆ ಒಂದು ದಿನ ಮಾಡುತ್ತಿದ್ದ ಕೆಲಸವನ್ನೆಲ್ಲ ಬರೆಯಿರಿ ಎಂದು ಹಾಳೆ ಕೊಟ್ಟೆ. ಹಾಳೆ ತುಂಬಿ ಮಗುಚಿ ಬರೆದರು: ತರಕಾರಿಗೆ ಆರ್ಡರ್ ಕೊಡುವುದು, ತೂಕ ನೋಡುವುದು, ನಾಲ್ಕು ಭಾಷೆಯ ಆಳುಗಳಿಗೆ ಕೆಲಸ ಹಂಚುವುದು, ತಿಂಗಳ ಖರ್ಚಿನ ಲೆಕ್ಕ. ಅದು ಅಡುಗೆ ಮಾತ್ರವಾಗಿರಲಿಲ್ಲ, ಒಂದು ವಿಭಾಗದ ಮೇಲ್ವಿಚಾರಣೆಯಾಗಿತ್ತು. ಅದಕ್ಕೆ ಅವರು ಹೆಸರು ಕೊಟ್ಟಿರಲಿಲ್ಲ, ಅಷ್ಟೆ. ಗೋದಾಮಿನ ಹನ್ನೊಂದು ವರ್ಷವನ್ನೂ ದಯವಿಟ್ಟು ಹಾಗೆಯೇ ಬರೆದು ನೋಡಿ.

ಬದುಕಿನ ಇಂಥ ತಿರುವುಗಳ ಬಗ್ಗೆ ನ್ಯಾನ್ಸಿ ಶ್ಲಾಸ್‌ಬರ್ಗ್ ಎಂಬ ವಿದುಷಿ 1981ರಿಂದ ಬರೆಯುತ್ತ ಬಂದಿದ್ದಾರೆ. ಸನ್ನಿವೇಶ, ಸ್ವಂತ ಶಕ್ತಿ, ಆಸರೆ, ಉಪಾಯ ಎಂಬ ನಾಲ್ಕನ್ನು ನೋಡಬೇಕೆನ್ನುವುದು ಅವರ ವಿಚಾರ. ನಮ್ಮಲ್ಲಿ ಎಲ್ಲರೂ ಉಪಾಯಕ್ಕೇ ಹಾರುತ್ತಾರೆ. ಮನೆಯವರು ಎಷ್ಟು ತಿಂಗಳು ಕಾಯಬಲ್ಲರು, ಸಾಲ ಎಷ್ಟಿದೆ, ಕೆಲಸ ಹೋದ ದುಃಖ ಆರಿದೆಯೇ ಎಂಬುದನ್ನು ಕೇಳದೆ ಕೋರ್ಸು ಸೂಚಿಸುವುದು ನಾಡಿ ಹಿಡಿಯದೆ ಮದ್ದು ಕೊಟ್ಟಂತೆ.

ಉತ್ತರ 2: ಮಂಜೇಶ್ವರದ ಓದುಗಿ

ಉಪಯೋಗ ಖಂಡಿತ ಉಂಟು. ಕನ್ನಡ ಶಾಲೆಯೊಂದರಲ್ಲಿ ಏಳು ವರ್ಷ ತಾತ್ಕಾಲಿಕ ಅಧ್ಯಾಪಿಕೆಯಾಗಿದ್ದ ನಾನು, ಮಕ್ಕಳ ಸಂಖ್ಯೆ ಇಳಿದು ತರಗತಿಯ ಒಂದು ಡಿವಿಷನ್ ಹೋದಾಗ ಕೆಲಸ ಕಳೆದುಕೊಂಡೆ. ನನ್ನನ್ನು ಮಾತನಾಡಿಸಿದ ಮಾರ್ಗದರ್ಶಕಿ ಮೊದಲ ದಿನ ಯಾವ ಸಲಹೆಯನ್ನೂ ಕೊಡಲಿಲ್ಲ. ಎರಡನೆಯ ಸಲ, ನನಗೆ ಇಷ್ಟವೆನಿಸಿದ ಕೆಲಸದಲ್ಲಿರುವ ಮೂವರನ್ನು ಕಂಡು, ಅವರ ದಿನ ಹೇಗೆ ಕಳೆಯುತ್ತದೆಂದು ಕೇಳಿ ಬರಲು ಹೇಳಿದರು. ಆಫೀಸು ಕೆಲಸದ ಬಗ್ಗೆ ನನಗಿದ್ದ ಅಂಜಿಕೆ ಹೋದದ್ದು ಆ ಮೂರು ಭೇಟಿಗಳಿಂದಲೇ.

ನಿಮಗೆ ಒಂದು ಮಾತು ತುರ್ತಾಗಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗಾಗಿ ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಪ್ರತ್ಯೇಕವಾಗಿ ಕ್ಲರ್ಕ್ ಹುದ್ದೆಗಳಿಗೆ ಅರ್ಜಿ ಕರೆಯುತ್ತದೆ. ವಯೋಮಿತಿ ಸಾಮಾನ್ಯ ವಿಭಾಗಕ್ಕೆ 36, ಹಿಂದುಳಿದ ವರ್ಗಗಳಿಗೆ 39. ಹಾಗಾಗಿ ನಿಮಗೆ ಸಮಯವಿದೆ, ಆದರೆ ಧಾರಾಳವಾಗಿಲ್ಲ. ಮಲಯಾಳ ಓದುವುದನ್ನು ಇಂದೇ ತೊಡಗಿ.

ಉತ್ತರ 3: ಕುಂಬಳೆಯಿಂದ

ಹಣ ಕೊಡದೆ ಸಲಹೆ ಸಿಗುವ ಕಡೆಗಳಿವೆ. ಕಾಸರಗೋಡಿನ ಜಿಲ್ಲಾ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿಗೆ ಹೋಗಿ ವೃತ್ತಿ ಮಾರ್ಗದರ್ಶನ ಬೇಕೆಂದು ಕೇಳಿ. ಹೆಸರು ನೋಂದಾಯಿಸಿದ್ದು ಎಷ್ಟೋ ವರ್ಷದ ಹಿಂದೆ ಇರಬಹುದು. ಮೂರು ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಅದು ರದ್ದಾಗುತ್ತದೆ, ಅದನ್ನೂ ವಿಚಾರಿಸಿ. ಕೇಂದ್ರ ಸರಕಾರ 2015ರಲ್ಲಿ ಆರಂಭಿಸಿದ ನ್ಯಾಷನಲ್ ಕರಿಯರ್ ಸರ್ವಿಸ್ ಜಾಲತಾಣದಲ್ಲಿಯೂ ನೋಂದಣಿ ಉಚಿತ.

ಸ್ವಂತ ವ್ಯಾಪಾರದ ಯೋಚನೆಯಿದ್ದರೆ, ಹೊರದೇಶದಲ್ಲಿ ಕನಿಷ್ಠ ಎರಡು ವರ್ಷ ದುಡಿದು ಮರಳಿದವರಿಗೆ ನೋರ್ಕಾದ (ಅನಿವಾಸಿ ಕೇರಳೀಯರಿಗಾಗಿರುವ ಕೇರಳ ಸರಕಾರದ ವಿಭಾಗ) ಒಂದು ಯೋಜನೆಯಿದೆ. 30 ಲಕ್ಷ ರೂಪಾಯಿವರೆಗಿನ ಉದ್ಯಮಕ್ಕೆ ಬ್ಯಾಂಕ್ ಸಾಲ, ಅದರಲ್ಲಿ ಶೇಕಡಾ 15ರಂತೆ ಗರಿಷ್ಠ 3 ಲಕ್ಷ ರೂಪಾಯಿ ಸಬ್ಸಿಡಿ. ಆದರೆ ಸಾಲ ಸಿಗುತ್ತದೆಂಬ ಕಾರಣಕ್ಕೇ ಅಂಗಡಿ ಹಾಕಬೇಡಿ. ಸರಕಿನ ಲೆಕ್ಕ ಬಲ್ಲ ನೀವು ಮೊದಲು ಇಲ್ಲಿನ ಯಾವುದಾದರೂ ಸಗಟು ಅಂಗಡಿಯಲ್ಲಿ ಆರು ತಿಂಗಳು ಕೆಲಸ ಮಾಡಿ ಇಲ್ಲಿನ ವ್ಯಾಪಾರದ ರೀತಿ ನೋಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮಾಷ್ ಹೇಳಿದಂತೆ ನಿನ್ನೆ ರಾತ್ರಿ ಬರೆಯಲು ಕುಳಿತೆ. ಕಂಟೇನರ್ ಬಂದಾಗ ಎಣಿಕೆ, ಅವಧಿ ಮುಗಿಯುವ ಸರಕನ್ನು ಮುಂದಕ್ಕೆ ತರುವುದು, ಎಕ್ಸೆಲ್‌ನಲ್ಲಿ ದಾಸ್ತಾನು ಪಟ್ಟಿ ಎಂದು ಇಪ್ಪತ್ತಮೂರು ಸಾಲುಗಳಾದವು. ಸೋಮವಾರ ಆ ಹಾಳೆಯನ್ನೇ ಹಿಡಿದುಕೊಂಡು ಎಕ್ಸ್‌ಚೇಂಜಿಗೆ ಹೋಗುತ್ತೇನೆ. ಮಂಜೇಶ್ವರದ ಅಕ್ಕ, ನೀವು ಮಲಯಾಳ ಓದಲು ಎಲ್ಲಿಂದ ತೊಡಗಿದಿರಿ?

ಮಂಜೇಶ್ವರದ ಓದುಗಿ

ಮಗಳ ಎರಡನೆಯ ತರಗತಿಯ ಪಾಠಪುಸ್ತಕದಿಂದ, ತಮ್ಮಾ. ಆಮೇಲೆ ಬಸ್ಸಿನ ಬೋರ್ಡುಗಳು, ಆಮೇಲೆ ಪತ್ರಿಕೆಯ ದೊಡ್ಡ ಅಕ್ಷರದ ಸಾಲುಗಳು. ನಾಲ್ಕು ತಿಂಗಳಲ್ಲಿ ಅರ್ಜಿಯ ನಮೂನೆ ಓದಿ ನಾನೇ ತುಂಬುವಂತಾದೆ.