ಪವರ್ ಲೈಟ್ ಬರುತ್ತೆ, ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು

ಹಳೇಡಬ್ಬ:
2012ರ ಲ್ಯಾಪ್‌ಟಾಪ್. ಥರ್ಡ್ ಜೆನ್ ಐ5 ಪ್ರೊಸೆಸರ್, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್. ಬಟನ್ ಒತ್ತಿದರೆ ಲೈಟ್ ಬರುತ್ತೆ, ಫ್ಯಾನೂ ತಿರುಗುತ್ತೆ, ಆದರೆ ಲೋಗೋ ಕೂಡ ಕಾಣಲ್ಲ. ಬೀಪ್ ಇಲ್ಲ. ಬ್ಯಾಟರಿ ತೆಗೆದು ಬರೀ ಅಡಾಪ್ಟರ್ ಮೇಲೆ ಹಾಕಿದರೂ ಹಾಗೇ. ಸ್ಕ್ರೀನ್ ಹೋಗಿದೆಯಾ, ಮದರ್‌ಬೋರ್ಡೇ ಹೋಗಿದೆಯಾ?

ಟೆಸ್ಟರ್:
ಸ್ಕ್ರೂಡ್ರೈವರ್ ಆಮೇಲೆ, ಮೊದಲು ಕ್ಯಾಪ್ಸ್ ಲಾಕ್ ಒತ್ತಿ. ಆನ್ ಮಾಡಿ ಒಂದು ನಿಮಿಷ ಬಿಟ್ಟು ಒತ್ತಿ ನೋಡಿ. ಆ ಕೀಲಿಯ ಲೈಟ್ ಹತ್ತಿ ಆರಿದರೆ ಮಷಿನ್ ಒಳಗೆ ಎದ್ದಿದೆ, ತೊಂದರೆ ಡಿಸ್‌ಪ್ಲೇ ಕಡೆ. ಲೈಟ್ ಹತ್ತದಿದ್ದರೆ ಸ್ಕ್ರೀನ್ ಬಗ್ಗೆ ಈಗಲೇ ಯೋಚಿಸಬೇಡಿ: ಸಾಮಾನ್ಯವಾಗಿ ರ‍್ಯಾಮ್, ಬಯೋಸ್ (ಮಷಿನನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್), ಬೋರ್ಡ್ ಮೂರರಲ್ಲಿ ಒಂದು.

ಬೇರೆ ಮಾನಿಟರ್ ಇದ್ದರೆ ವಿಜಿಎ ಕೇಬಲ್ ಚುಚ್ಚಿದ *ಮೇಲೆ* ಆನ್ ಮಾಡಿ. ಎಷ್ಟೋ ಬಯೋಸ್‌ಗಳು ಯಾವ ಪೋರ್ಟಿನಲ್ಲಿ ಏನಿದೆ ಅಂತ ಶುರುವಿನಲ್ಲಷ್ಟೇ ನೋಡುತ್ತವೆ. ಅದಕ್ಕೂ ಮುಂಚೆ ಅಡಾಪ್ಟರ್, ಬ್ಯಾಟರಿ ಎರಡೂ ತೆಗೆದು ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದು ನೋಡಿ.

ಹಳೇಡಬ್ಬ:
ಮಾಡಿದೆ. ಕ್ಯಾಪ್ಸ್ ಲಾಕ್ ಲೈಟ್ ಹತ್ತಲ್ಲ, ಮಾನಿಟರಿನಲ್ಲೂ ಏನಿಲ್ಲ.

ಬೆಸುಗೆ:
ಹಾಗಾದರೆ ರ‍್ಯಾಮಿನಿಂದ ಶುರು ಮಾಡಿ. ಇಷ್ಟು ಹಳೆಯದರಲ್ಲಿ ಚಿಪ್ ಸಾಯೋದಕ್ಕಿಂತ ಕಾಂಟ್ಯಾಕ್ಟ್ ಮಂಕಾಗೋದೇ ಜಾಸ್ತಿ. ಎರಡನ್ನೂ ತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಊದಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಸ್ಲಾಟಿನೊಳಗೆ ರಬ್ಬರ್ ತೂರಿಸಬೇಡಿ, ಅಲ್ಲಿಗೆ ಮೆತ್ತನೆಯ ಬ್ರಷ್ ಸಾಕು.

ವಾಪಸ್ ಹಾಕುವಾಗ ಓರೆಯಾಗಿ ಹಿಡಿದು ಚಿನ್ನದ ಅಂಚು ಹೆಚ್ಚೂಕಡಿಮೆ ಪೂರ್ತಿ ಮುಚ್ಚುವವರೆಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿ. ಎರಡೂ ಪಕ್ಕದ ಕೊಕ್ಕೆ ಟಕ್ ಅನ್ನಬೇಕು. ಒಂದು ಪಕ್ಕ ಅಂಚು ಜಾಸ್ತಿ ಕಾಣುತ್ತಿದ್ದರೆ ಅದು ಕೂತಿಲ್ಲ ಅಂತಲೇ. ಒಂದೊಂದೇ ರ‍್ಯಾಮ್, ಒಂದೊಂದೇ ಸ್ಲಾಟ್, ಒಟ್ಟು ನಾಲ್ಕು ಸಲ ನೋಡಿ. ಪ್ರತಿ ಸಲ ಎರಡು ನಿಮಿಷ ಕಾಯಿರಿ, ರ‍್ಯಾಮ್ ಬದಲಾದಾಗ ಮೊದಲ ಬೂಟ್ ನಿಧಾನ.

ಇನ್ನೊಂದು ಮಾತು. ಬೋರ್ಡನ್ನು ಹೀಟ್ ಗನ್ನಿನಿಂದ ಕಾಯಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸೀಸವಿಲ್ಲದ ಬೆಸುಗೆ ಕರಗೋದು ಸುಮಾರು 217 ಡಿಗ್ರಿಗೆ, ಅಷ್ಟರಲ್ಲಿ ಸುತ್ತಲಿನ ಪ್ಲಾಸ್ಟಿಕ್ ಕನೆಕ್ಟರ್‌ಗಳ ಕಥೆ ಮುಗಿದಿರಬಹುದು.

ಹಳೇಡಬ್ಬ:
ಎರಡನೇ ಸ್ಲಾಟಿನಲ್ಲಿ ಯಾವ ರ‍್ಯಾಮ್ ಹಾಕಿದರೂ ಎದ್ದಿತು! ಒಂದನೇ ಸ್ಲಾಟಿನಲ್ಲಿ ಎರಡೂ ಇಲ್ಲ. ಮಾನಿಟರಿನಲ್ಲಿ ದಿನಾಂಕ, ಸಮಯ ಸೆಟ್ ಆಗಿಲ್ಲ ಅಂತ ಬಂತು. ಆದರೆ ಲ್ಯಾಪ್‌ಟಾಪಿನ ಸ್ಕ್ರೀನ್ ಇನ್ನೂ ಕಪ್ಪೇ. ಟಾರ್ಚ್ ಓರೆಯಾಗಿ ಹಿಡಿದರೆ ಅಕ್ಷರ ಮಬ್ಬಾಗಿ ಕಾಣುತ್ತೆ. ಹೇಳೋಕೆ ಮರೆತಿದ್ದೆ: ಇಲ್ಲಿ ಕೇಳುವ ಮುಂಚೆ ಸ್ಕ್ರೀನ್ ಹಿಂದಿನ ಕೇಬಲ್ ಒಮ್ಮೆ ಕಿತ್ತು ಮತ್ತೆ ಚುಚ್ಚಿದ್ದೆ.

ಟೆಸ್ಟರ್:
ಆಗ ಬ್ಯಾಟರಿ ಒಳಗಿತ್ತಾ?

ಹಳೇಡಬ್ಬ:
ಇತ್ತು.

ಬೆಸುಗೆ:
ಹಾಗಾದರೆ ಅನುಮಾನ ಬ್ಯಾಕ್‌ಲೈಟ್ (ಸ್ಕ್ರೀನ್ ಹಿಂದಿನಿಂದ ಬೆಳಗುವ ದೀಪ) ಫ್ಯೂಸ್ ಮೇಲೆ. ಅಕ್ಷರ ಕಾಣುತ್ತಿದೆ ಅಂದರೆ ಪ್ಯಾನೆಲ್‌ಗೆ ಚಿತ್ರ ಬರುತ್ತಿದೆ, ಬೆಳಕಷ್ಟೇ ಇಲ್ಲ. ಆ ಕೇಬಲ್ಲಿನಲ್ಲಿ ಬ್ಯಾಕ್‌ಲೈಟಿನ ಕರೆಂಟೂ ಹೋಗುತ್ತೆ. ಬ್ಯಾಟರಿ ಇದ್ದಾಗ ಸೊಟ್ಟಗೆ ಎಳೆದರೆ ಆ ಪಿನ್ ಪಕ್ಕದ್ದಕ್ಕೆ ತಾಗಿ ಫ್ಯೂಸ್ ಹಾರಬಹುದು.

ಈ ಸಲ ಬ್ಯಾಟರಿ, ಅಡಾಪ್ಟರ್ ಎರಡೂ ತೆಗೆಯಿರಿ. ಮದರ್‌ಬೋರ್ಡಿನಲ್ಲಿ ಸ್ಕ್ರೀನ್ ಕೇಬಲ್ ಸೇರುವ ಜಾಗದ ಹತ್ತಿರ ಅಕ್ಕಿಕಾಳಿಗಿಂತ ಚಿಕ್ಕ ಭಾಗವೊಂದಿರುತ್ತೆ, ಸಾಮಾನ್ಯವಾಗಿ ಪಕ್ಕದಲ್ಲಿ "ಎಫ್" ಅಕ್ಷರ ಇರುತ್ತೆ. ಮಲ್ಟಿಮೀಟರನ್ನು ಕಂಟಿನ್ಯುಟಿಗೆ (ದಾರಿ ತುಂಡಾಗದಿದ್ದರೆ ಬೀಪ್ ಅನ್ನುವ ಸೆಟ್ಟಿಂಗ್) ಇಟ್ಟು ಎರಡೂ ತುದಿಗೆ ಮುಟ್ಟಿಸಿ. ಬೀಪ್ ಬರದಿದ್ದರೆ ಅದೇ ಹೋಗಿರೋದು. ಅದೇ ರೇಟಿಂಗಿನ ಫ್ಯೂಸೇ ಹಾಕಿಸಿ. ತಂತಿ ಬೆಸೆದು ದಾಟಿಸಿದರೆ ಮುಂದಿನ ಶಾರ್ಟಿಗೆ ಬೋರ್ಡಿನ ಟ್ರೇಸೇ (ಕರೆಂಟ್ ಹೋಗುವ ತಾಮ್ರದ ಗೆರೆ) ಸುಡಬಹುದು.

ಫ್ಯೂಸ್ ಸರಿಯಿದ್ದರೆ ಹಿಂಜ್ ಹತ್ತಿರ ಕೇಬಲ್ ಮಡಿಕೆಯಲ್ಲಿ ಮುರಿದಿದೆಯಾ ನೋಡಿ. ಮುಚ್ಚಳ ಹಾಕಿದೆಯೋ ಇಲ್ಲವೋ ಅಂತ ನೋಡುವ ಸೆನ್ಸರ್ ಸಿಕ್ಕಿಹಾಕಿಕೊಂಡರೂ ಬ್ಯಾಕ್‌ಲೈಟ್ ಬರಲ್ಲ.

ಟೆಸ್ಟರ್:
ದಿನಾಂಕದ ಮೆಸೇಜಿಗೆ ಕಾರಣ ಸಿಮೋಸ್ ಸೆಲ್ (ಆಫ್ ಆದಾಗಲೂ ಗಡಿಯಾರ ನಡೆಸುವ ಪುಟ್ಟ ಬ್ಯಾಟರಿ), ಎಷ್ಟೋ ಮಾಡೆಲ್‌ಗಳಲ್ಲಿ 3 ವೋಲ್ಟಿನ ಸಿಆರ್2032. ಬದಲಾಯಿಸಿ. ಕೆಲವದಕ್ಕೆ ಎರಡು ವೈರ್ ಬೆಸೆದಿರುತ್ತೆ, ಬಿಚ್ಚುವ ಮೊದಲು ಪ್ಲಸ್ ಯಾವ ಕಡೆ ಅಂತ ಫೋಟೋ ತೆಗೆದಿಡಿ. ಒಂದನೇ ಸ್ಲಾಟ್ ಬ್ರಷ್ ಮಾಡಿದ ಮೇಲೂ ಏಳದಿದ್ದರೆ ಅದರ ಹಿಂದೆ ಬೀಳಬೇಡಿ, ಎರಡನೆಯದಕ್ಕೇ 8 ಜಿಬಿಯ ಒಂದು ರ‍್ಯಾಮ್ ಹಾಕಿ ಬಳಸಿ.